ವ್ಯಾನಿನ ದಾರಿಪೆಟ್ಟಿಗೆ

ಮನೆಯಿಂದ, ಹೊಲಿಗೆ ಮೇಜಿನ ಮೇಲಿಂದ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ಕಾಲುನೋವು ಹೇಗಿದೆ? ವ್ಯಾಯಾಮ ಮಾಡಿಸುವವರು ಬಂದ ಕೂಡಲೇ ಕಣ್ಣು ಮುಚ್ಚಿ ಗೊರಕೆ ಹೊಡೆಯುತ್ತೀರಂತೆ. ನಿಮ್ಮಕ್ಕ ಎಲ್ಲ ವರದಿ ಕೊಡುತ್ತಾರೆ. ಅವರ ಮನೆಯಲ್ಲಿರುವಷ್ಟು ದಿನ ಅವರು ಹೇಳಿದ ಹಾಗೆ ಕೇಳಿ. ಹೊಟ್ಟೆ ತುಂಬ ಊಟ ಮಾಡಿ. ನಾನೂ ಮಗಳೂ ಚೆನ್ನಾಗಿದ್ದೇವೆ.

ನೀವು ಏಣಿಯಿಂದ ಬಿದ್ದ ಮೇಲೆ ಫೋನಿನಲ್ಲಿ ನಿಮ್ಮದು ಒಂದೇ ರಾಗ: "ವ್ಯಾನ್ ಮಾರಿಬಿಡು. ಗಾಡಿ ಓಡ್ಸೋಕಾಗದೋನು ಮನೆಗೆ ಬಂದು ಏನ್ ಮಾಡ್ಲಿ? ಇಲ್ಲೇ ಇರ್ತೀನಿ." ನಾನು ಬಾಯಿ ತೆರೆಯುವಷ್ಟರಲ್ಲಿ ಕಟ್ ಮಾಡುತ್ತೀರಿ. ಕಾಗದವನ್ನು ಹಾಗೆ ಕಟ್ ಮಾಡಲಾಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ವ್ಯಾನ್ ಮಾರಿಲ್ಲ. ನಾನೇ ಓಡಿಸುತ್ತಿದ್ದೇನೆ. ಬಾಯಿ ಮುಚ್ಚಿಕೊಳ್ಳಿ, ನೊಣ ಹೋದೀತು! ಲೈಸೆನ್ಸ್ ಮದುವೆಗೆ ಮುಂಚೆಯೇ ಇತ್ತು, ನೀವು ಸ್ಟೀರಿಂಗ್ ಬಿಟ್ಟುಕೊಟ್ಟಿದ್ದರೆ ತಾನೆ? ಈಗ ನಾನು ಹೊಲಿದ ಕಿಟಕಿ ಪರದೆಗಳನ್ನು ನಾನೇ ಮನೆಮನೆಗೆ ಮುಟ್ಟಿಸುತ್ತಿದ್ದೇನೆ.

ನಿಮಗೆ ದಾರಿಗಳೆಲ್ಲ ಬಾಯಿಪಾಠ, ನನಗೆ ಹಿಂದಿನ ಬೀದಿಯೂ ಹೊಸದು. ಅದಕ್ಕೆ ದಾರಿ ಹೇಳುವ ಜಿಪಿಎಸ್ ಒಂದನ್ನು ಕೊಂಡು ಮುಂದಿನ ಗಾಜಿಗೆ ಅಂಟಿಸಿದ್ದೇನೆ. ಮಗಳು ಅದಕ್ಕೆ ದಾರಿಪೆಟ್ಟಿಗೆ ಎಂದು ಹೆಸರಿಟ್ಟಿದ್ದಾಳೆ. ಸೋಪಿನ ಡಬ್ಬಿಗಿಂತ ತುಸು ಅಗಲ, ಬೆನ್ನು ಉಬ್ಬು, ಅಂಚಿನಲ್ಲಿ ಆನ್ ಮಾಡಲು ಒಂದೇ ಗುಂಡಿ. ಮಿಕ್ಕಿದ್ದನ್ನೆಲ್ಲ ಅದರ ಗಾಜು ಮುಟ್ಟಿಯೇ ಹೇಳಬೇಕು. ಆದರೆ ಸೂಜಿ ಚುಚ್ಚಿಸಿಕೊಂಡು ಜಡ್ಡುಗಟ್ಟಿದ ನನ್ನ ತೋರುಬೆರಳನ್ನು ಅದು ಬೆರಳೆಂದೇ ಒಪ್ಪುವುದಿಲ್ಲ, ಕಿರುಬೆರಳಿಗೆ ಮಾತ್ರ ಬಗ್ಗುತ್ತದೆ. ಅಕ್ಷರಗಳೋ, ಎಳ್ಳುಕಾಳಿನಷ್ಟು. ಮೊನ್ನೆ ಪಕ್ಕದ ಅಕ್ಷರ ಒತ್ತಿ, ಹಲ್ಲಿನ ಡಾಕ್ಟರ ಮನೆಗೆ ಹೋಗಬೇಕಾದವಳು ಕೋಳಿ ಫಾರಮ್ಮಿನ ಗೇಟಿನೆದುರು ನಿಂತಿದ್ದೆ. ಕಾವಲುಗಾರ ಪರದೆಗಳ ಗಂಟು ನೋಡಿ, "ನಮ್ ಕೋಳಿಗಳಿಗೆ ನಾಚಿಕೆ ಇಲ್ಲಮ್ಮ, ಪರದೆ ಬೇಡ" ಅಂದ. ನಗಿ, ಪರವಾಗಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀವು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ.

ಬಿಸಿಲೇರಿದರೆ ಪೆಟ್ಟಿಗೆಯ ಗಾಜಿನಲ್ಲಿ ರಸ್ತೆ ಕಾಣದೆ ನನ್ನ ಮುಖವೇ ಕಾಣುತ್ತಿತ್ತು. ಉಳಿದಿದ್ದ ಕಪ್ಪು ಬಟ್ಟೆಯ ಅಂಚಿಗೆ ತಂತಿ ಕೊಟ್ಟು ಒಂದು ಮುಸುಕು ಹೊಲಿದು ಹಾಕಿದೆ. "ಅಮ್ಮಾ, ಇದನ್ನೂ ಬಿಡಲಿಲ್ವಾ ನೀನು?" ಎಂದು ಮಗಳು ಬಿದ್ದು ಬಿದ್ದು ನಕ್ಕಳು. ವ್ಯಾನಿನ ಗಾಜಿಗೆ ಕಚ್ಚಿಕೊಳ್ಳಲೆಂದು ಪೆಟ್ಟಿಗೆಯ ಹಿಂದಿರುವ ರಬ್ಬರ್ ಬಟ್ಟಲು ಮಾತ್ರ ಥೇಟ್ ನಿಮ್ಮ ಹಾಗೆ: ಸ್ವಲ್ಪ ಕುಲುಕಿದರೂ ಮುನಿಸಿಕೊಂಡು ಕಿತ್ತು ಬರುತ್ತದೆ. ಪೆಟ್ಟಿಗೆ ಮಡಿಲಿಗೆ ಬಿದ್ದರೂ ಬಿಂಕ ಬಿಡದೆ ಎಡಕ್ಕೆ ತಿರುಗಿ ಎನ್ನುತ್ತಲೇ ಇರುತ್ತದೆ.

ಏನು ಹೇಳಲಿ, ಎಷ್ಟು ಒಳ್ಳೆಯ ದನಿಯಾದರೂ ಅದು ನಿಮ್ಮದಲ್ಲ. ನಾನು ತಪ್ಪು ತಿರುವು ತೆಗೆದುಕೊಂಡರೆ ಬೈಯುವುದೇ ಇಲ್ಲ, ಸುಮ್ಮನೆ ಇನ್ನೊಂದು ದಾರಿ ಹುಡುಕುತ್ತದೆ. ಬೈಯುವವರಿಲ್ಲದೆ ನನಗೆ ಅಳು ಬರುತ್ತದೆ. ನಿಮ್ಮ ಕಾಲು ನೋಡಿ ನಿಮ್ಮನ್ನು ಕಟ್ಟಿಕೊಂಡೆನಾ ನಾನು? ನೀವು ಬೇಕು, ಅಷ್ಟೇ.

ಅಕ್ಕನಿಗೆ ನಮಸ್ಕಾರ ಹೇಳಿ. ನಿಮ್ಮ ಎರಡೂ ಕೆನ್ನೆಗೆ ಮಗಳ ಮುತ್ತು. ಕೋಪ ಬಂದರೆ ಕಾಗದ ಹರಿಯಬೇಡಿ, ಮಡಚಿ ದಿಂಬಿನಡಿ ಇಟ್ಟು ನಾಳೆ ಮತ್ತೊಮ್ಮೆ ಓದಿ.

ನಿಮ್ಮ
ದರ್ಜಿಯಮ್ಮ

ಅಯ್ಯೋ, ಮುಖ್ಯವಾದದ್ದೇ ಬಿಟ್ಟುಹೋಯಿತು: ವ್ಯಾನ್ ಓಡುತ್ತಿರುವಾಗ ಮುಟ್ಟಿದರೆ ಈ ಪೆಟ್ಟಿಗೆ ಕೆಲಸ ನಿಲ್ಲಿಸಿ ಪ್ರಶ್ನೆ ಕೇಳುತ್ತದೆ. ಓಡಿಸುವವರು ಮುಟ್ಟಬಾರದು, ನೀವು ಪಕ್ಕದಲ್ಲಿ ಕೂತವರೇ ಎಂದು. 'ಹೌದು' ಒತ್ತಿದರಷ್ಟೇ ಮುಂದಕ್ಕೆ ಬಿಡುತ್ತದೆ. ಪ್ರತಿ ಸಲ ಖಾಲಿ ಸೀಟು ನೋಡಿಕೊಂಡು 'ಹೌದು' ಒತ್ತಿ ಒತ್ತಿ ನನಗೆ ಸಾಕಾಗಿದೆ. ಶನಿವಾರ ಬೆಳಿಗ್ಗೆ ಅಕ್ಕನ ಮನೆ ಮುಂದೆ ಹಾರ್ನ್ ಹೊಡೆಯುತ್ತೇನೆ, ಚೀಲ ಕಟ್ಟಿಕೊಂಡು ಬನ್ನಿ. ಆ 'ಹೌದು' ನೀವೇ ಒತ್ತಿ.