ಮೊದಲ ತುತ್ತಿನ ಮಾತ್ರೆ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಂಡ,

ಹೇಗಿದ್ದೀಯ? ಹಡಗಿನ ಅಡುಗೆಮನೆಯ ಸೆಕೆಗೆ ಎದ್ದಿದ್ದ ಬೆವರುಸಾಲೆ ಇಳಿಯಿತೇ? ನನ್ನ ಕ್ಷೇಮ ಬರೆಯುವಷ್ಟು ತಾಳ್ಮೆ ಇವತ್ತು ನನಗಿಲ್ಲ.

ಅಪ್ಪ ಸೊರಗುತ್ತಲೇ ಇದ್ದಾರೆ. ಅಂಗಡಿಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಾರೆ, ಆದರೆ ಕೋಟಿನ ದಪ್ಪ ಬಟ್ಟೆಗೆ ಕತ್ತರಿ ಹಾಕಲು ಕೈಯಲ್ಲಿ ಕಸುವಿಲ್ಲ. ತಮ್ಮ ಪ್ಯಾಂಟಿನ ಸೊಂಟವನ್ನು ತಾವೇ ಎರಡು ಸಲ ಬಿಗಿ ಮಾಡಿಕೊಂಡಿದ್ದಾರೆ. ನಾನು ಹೊಟ್ಟೆಗೆ ಸರಿಯಾಗಿ ಹಾಕುತ್ತಿಲ್ಲವೆಂದು ಚಿಕ್ಕಮ್ಮ ಬಂದವರೆದುರೆಲ್ಲ ಹೇಳುತ್ತಾರೆ. ನೀನೋ, ಬಂದರು ಸಿಕ್ಕಲ್ಲೆಲ್ಲ ಪ್ರೋಟೀನ್ ಪುಡಿಯ ಡಬ್ಬ ಕಳಿಸುತ್ತೀಯ. ಅಲ್ಲ ಕಣೋ, ಅಪ್ಪ ಮೊಟ್ಟೆ, ಬೇಳೆ, ಮೀನು ಎಲ್ಲ ತಿನ್ನುತ್ತಾರೆ. ತಿಂದದ್ದು ಮೈಗೆ ಹತ್ತುತ್ತಿಲ್ಲ.

ಡಾಕ್ಟರಮ್ಮ ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ವಿವರಿಸಿದರು. ಪ್ರೋಟೀನ್ ಎಂದರೆ ಮಡಚಿಕೊಂಡ ಉದ್ದನೆಯ ಸರಪಳಿಯಂತೆ. ಜಠರದ ಆಮ್ಲ ಆ ಮಡಿಕೆ ಬಿಡಿಸುತ್ತದೆ, ಅಲ್ಲಿನ ಪೆಪ್ಸಿನ್ ಎಂಬ ಕಿಣ್ವ ಅದನ್ನು ದೊಡ್ಡ ದೊಡ್ಡ ತುಂಡುಗಳಾಗಿ ಮಾಡುತ್ತದೆ. ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ಕಿಣ್ವಗಳು ಇನ್ನೂ ಚಿಕ್ಕದಾಗಿ ಕತ್ತರಿಸಬೇಕು. ಕೊನೆಗೆ ಕರುಳಿನ ಗೋಡೆಯ ಕಿಣ್ವಗಳು ಕೊಂಡಿ ಕೊಂಡಿ ಬಿಡಿಸಿದ ಮೇಲೆಯೇ ಅದು ರಕ್ತಕ್ಕೆ ಸೇರುವುದು. ಅಪ್ಪನ ಆ ಗ್ರಂಥಿ ಹೋದ ವರ್ಷದ ಊತದಲ್ಲಿ ಹಾಳಾಗಿದೆ. ಅದಕ್ಕೇ ಕಿಣ್ವ ತುಂಬಿದ ಕ್ಯಾಪ್ಸೂಲ್ ಮಾತ್ರೆ ಕೊಟ್ಟರು. ಮೊದಲ ತುತ್ತಿನ ಜೊತೆಗೇ ನುಂಗಬೇಕು, ಊಟದೊಂದಿಗೆ ಬೆರೆತು ಕರುಳಿಗೆ ಇಳಿಯಬೇಕು.

ಅಲ್ಲಿ ತಲೆಯಾಡಿಸಿದ ಅಪ್ಪ ಮನೆಗೆ ಬಂದು, "ಮಾತ್ರೆ ಇಲ್ದೆ ಊಟ ಮಾಡೋಕಾಗಲ್ಲ ಅನ್ನೋಕೆ ನಾನೇನು ರೋಗೀನಾ?" ಎಂದರು. ಚಿಕ್ಕಮ್ಮ ಜಾಣತನ ತೋರಿಸಲು ಹೋಗಿ ಮಾತ್ರೆ ಬಿಚ್ಚಿ ಕುದಿಯುವ ಹಾಲಿಗೆ ಸುರಿದರು. ಬಿಸಿಗೆ ಕಿಣ್ವ ಕೆಡುತ್ತದೆ ಎಂದರೆ, ನನಗೇ ಸಿಡುಕು ಹೆಚ್ಚಾಗಿದೆಯಂತೆ. ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಮೊನ್ನೆ ಅಂಗಡಿಯಲ್ಲಿ ಅಪ್ಪ ನಿಲ್ಲಲಾರದೆ ಗಿರಾಕಿಯ ಹೆಗಲು ಹಿಡಿದುಕೊಂಡರಂತೆ. ಅಳತೆ ತೆಗೆಯುತ್ತಿದ್ದಾರೆಂದು ಆತ ಅಲುಗಾಡದೆ ನಿಂತನಂತೆ. ಇದನ್ನು ಅಪ್ಪನೇ ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ.

ಹುಷಾರಾಗಿರು. ಊರಿಗೆಲ್ಲ ಬಡಿಸುವವನು ನೀನೂ ಹೊತ್ತಿಗೆ ಸರಿಯಾಗಿ ತಿನ್ನು.

ನಿನ್ನ
ಅಕ್ಕ

ತಾ.ಕ.: ಅಪ್ಪ ಕೈತೊಳೆಯಲು ಹೋಗಿದ್ದಾರೆ, ಬೇಗ ಬರೆಯುತ್ತೇನೆ. ಇವತ್ತು ತಡೆಯಲಾರದೆ ಸುಳ್ಳು ಹೇಳಿದೆ. ನೀನು ಬಂದರಿನಿಂದ ಫೋನ್ ಮಾಡಿದ್ದೆ, ಮಾತ್ರೆ ಮೊದಲ ತುತ್ತಿಗೇ ತೆಗೆದುಕೊಳ್ಳಬೇಕೆಂದು ನೀನೇ ಹೇಳಿದ್ದೀಯ ಎಂದೆ. "ಅವನು ಹೇಳಿದ್ನಾ? ಹಾಗಾದ್ರೆ ಕೊಡು," ಎಂದು ನುಂಗಿಬಿಟ್ಟರು. ಇಷ್ಟು ದಿನ ಬಾಯಿ ನೋಯಿಸಿಕೊಂಡವಳು ನಾನು. ಹೊಟ್ಟೆ ಉರಿಯುತ್ತದೆ, ಇರಲಿ. ದಡ ಮುಟ್ಟಿದ ಕೂಡಲೇ ಅಪ್ಪನಿಗೆ ಫೋನ್ ಮಾಡು. ನೀನೇ ಹೇಳಿದ್ದು ಎನ್ನು. ನನ್ನ ಹೆಸರು ಎತ್ತಬೇಡ.