ಬಿಜ್ಲಿಗೆ ಕಟ್ಟಿದ ಹಗ್ಗ

ಚನ್ನರಾಯಪಟ್ಟಣ
೧೭-೩-೧೯೫೯, ಮಂಗಳವಾರ

ತಂಗಿ ಮಲ್ಲಿಗೆಗೆ,

ಸತ್ತ ಕುದುರೆಯನ್ನು ಎಳೆದುಹಾಕಲು ಇಲ್ಲಿ ನನ್ನ ಜಾತಿಯನ್ನು ಕರೆದರು. ಇದು ಅನ್ಯಾಯ. ಕ್ಷೇಮಸಮಾಚಾರಕ್ಕೂ ಮೊದಲು ಇದನ್ನೇ ಬರೆಯುತ್ತಿದ್ದೇನೆ. ಕ್ಷೇಮದಿಂದ ಶುರುಮಾಡಿದ ಕಾಗದಗಳನ್ನೆಲ್ಲ ಹರಿದುಹಾಕಿದೆ.

ನೀನು ಹೇಗಿದ್ದೀಯ? ಪರೀಕ್ಷೆಗೆ ಓದುತ್ತಿದ್ದೀಯಾ? ಸಂಕ್ರಾಂತಿಯಲ್ಲಿ ನೀನು ಬರೆದ ಕಾಗದಕ್ಕೆ ಇಷ್ಟು ದಿನ ಉತ್ತರ ಕೊಡಲಿಲ್ಲ, ಕ್ಷಮಿಸು. ಬಿಜ್ಲಿಯ ಕಾಲು ವಾಸಿಯಾದ ಮೇಲೆ ಆ ಸುದ್ದಿಯನ್ನೇ ಬರೆಯೋಣವೆಂದು ಕಾಯುತ್ತಿದ್ದೆ. ವಾಸಿಯಾಗಲಿಲ್ಲ. ಹೋದ ಗುರುವಾರ ಬೆಳಿಗ್ಗೆ ಸತ್ತಳು.

ಬಿಜ್ಲಿ ಮುದಿ ಜಟಕಾ ಕುದುರೆ. ಬಸ್ಸುಗಳು ಹೆಚ್ಚಾಗಿ ಜಟಕಾ ಹತ್ತುವವರು ಇಲ್ಲದಂತಾದಾಗ ಅವಳ ಸಾಬರು ಅವಳನ್ನು ಈ ಪ್ರಾಣಿದಯಾ ಶಾಲೆಗೆ ತಂದು ಕಟ್ಟಿ, ಹಣೆಗೆ ಮುತ್ತಿಟ್ಟು, ತಿರುಗಿ ನೋಡದೆ ಹೋದರಂತೆ. ಶಾಲೆ ಕಟ್ಟಿಸಿದ್ದು ಕೊಬ್ಬರಿ ಮಂಡಿಯ ಒಬ್ಬ ಸಾಹುಕಾರರು. ಬಾಗಿಲ ಮೇಲೆ ‘ಸಕಲ ಜೀವಿಗಳೂ ಸಮ’ ಎಂದು ಹಲಗೆ ಹಾಕಿಸಿದ್ದಾರೆ. ಆ ಹಲಗೆ ಓದಿಯೇ ನಾನು ಇಲ್ಲಿ ಕೆಲಸ ಕೇಳಿದ್ದು.

ಅವಳ ಗೊರಸಿನ ಸಂದಿಯ ಕಲ್ಲು ಕೆರೆದು ತೆಗೆಯುವುದು, ಹುರುಳಿ ಬೇಯಿಸಿ ಹಾಕುವುದು, ಜಟಕಾದ ಪಟ್ಟಿ ಉಜ್ಜಿ ಕತ್ತಿನಲ್ಲಿ ಹುಣ್ಣಾದ ಜಾಗಕ್ಕೆ ಬೇವಿನೆಣ್ಣೆ ಸವರುವುದು ನನ್ನ ಕೆಲಸ. ರಸ್ತೆಯಲ್ಲಿ ಹಾಸನದ ಬಸ್ಸು ಹಾರನ್ ಹೊಡೆದರೆ ಸಾಕು, ಕುಂಟಿಕೊಂಡೇ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು, ಇಳಿದವರು ಬಂದು ಹತ್ತುತ್ತಾರೆ ಎಂದು. ಯಾರೂ ಬಾರದಿದ್ದರೆ ನನ್ನ ಹೆಗಲ ಮೇಲೆ ಗದ್ದ ಊರುತ್ತಿದ್ದಳು. ಹುಲ್ಲು ಹಾಕುವ ಗಂಗಯ್ಯ ನೋಡಿ ನಗುತ್ತಿದ್ದ: “ನಿಂಗೆ ಎಣ್ಣು ಉಡ್ಕಂಗಿಲ್ಲ ಬುಡ್ಲಾ ಲಕ್ಕ, ನಾಕು ಕಾಲಿಂದೇ ಒಲಿದ್ಬುಟ್ಟದೆ.”

ಅವಳು ಸತ್ತ ಬೆಳಿಗ್ಗೆ ಮೇಲ್ವಿಚಾರಕ ಈಶ್ವರಯ್ಯನವರು ಮೂಗಿಗೆ ಟವೆಲ್ ಒತ್ತಿಕೊಂಡು ಬಂದರು. “ಲೋ ಲಕ್ಕ, ಕೆರೆ ಹಿಂದಕ್ಕೆ ಎಳ್ದಾಕು. ಒಬ್ಬನ ಕೈಲಿ ಆಗಲ್ಲ ಅಂದ್ರೆ ನಿಮ್ಮೋರ್ನ ಕರ್ಕೊ.”

“ನಮ್ಮೋರು ಯಾಕೆ ಸಾ? ಗಂಗಯ್ಯ ಅವ್ನೆ, ಅಡುಗೆಯೋರವ್ರೆ, ನೀವಿದೀರಿ. ಎಲ್ಲಾರೂ ಹಗ್ಗಕ್ಕೆ ಒಂದೊಂದು ಕೈ ಆಕಿದ್ರೆ ನಾನೂ ಆಕ್ತೀನಿ.”

“ನಾನಾ?”

“ಯಾರಾನಾ ದೊಡ್ಡೋರು ಬಂದಾಗ ಇವ್ಳ ಹಣೆ ಸವರ್ತಿದ್ರಲ್ಲ ಸಾ. ಅದೇ ಕೈ.”

ಗಂಗಯ್ಯ ನೆಲ ನೋಡಿದ. “ಮುಟ್ಟಿದ್ರೆ ನಮ್ಮನೇಲಿ ಸೇರ್ಸಲ್ಲ ಕಣ್ಲಾ,” ಎಂದ. ಈಶ್ವರಯ್ಯನವರು ನಕ್ಕರು: “ಮಗ ಒಲ್ಲೆ ಅಂದ್ರೆ ಏನಂತೆ, ಬಾಗೂರಲ್ಲಿ ಅಪ್ಪ ಅವ್ನಲ್ಲ.” ಆಗಲೇ ನಮ್ಮೂರಿಗೆ ಆಳು ಕಳಿಸಿದರು.

ನಮ್ಮ ಸಂಘದ ಪ್ರತಿಜ್ಞೆ ನಿನಗೆ ಗೊತ್ತು. ಸತ್ತ ದನ ಹೊರುವುದಿಲ್ಲ, ಹೊರುವವರ ಮನೆಯಲ್ಲಿ ಉಣ್ಣುವುದಿಲ್ಲ. ಆ ಪ್ರತಿಜ್ಞೆಯ ಕರಪತ್ರವನ್ನು ನಾನು ಓದಿ ಹೇಳಿದಾಗ ಅಪ್ಪ, “ಊರೋರು ಕರೆದ್ರೆ ಓಗ್ದೆ ಇರಕಾಯ್ತದಾ?” ಎಂದು ಎದ್ದು ಹೋದ. ಅಂದಿನಿಂದ ನಾನು ಮನೆಯಲ್ಲಿ ಉಂಡಿಲ್ಲ. ಪ್ರತಿಜ್ಞೆ ಸರಿಯಾದದ್ದು ಎಂದು ಈಗಲೂ ಹೇಳುತ್ತೇನೆ. ಆದರೆ ಬಿಜ್ಲಿ ಬಿಸಿಲಲ್ಲಿ ಬಿದ್ದಿದ್ದಳು. ನಾನು ಬೇವಿನ ಸೊಪ್ಪು ಹಿಡಿದು ಇಡೀ ದಿನ ಕಾಗೆ ಓಡಿಸುತ್ತ ಕೂತೆ.

ಮರುದಿನ ಮೊದಲ ಬಸ್ಸಿಗೆ ಅಪ್ಪ ಬಂದ. ಹೆಗಲ ಮೇಲೆ ಹಗ್ಗ, ಜೊತೆಗೆ ಕೇರಿಯ ಇಬ್ಬರು. ನಿನಗೆ ಇದೇನೂ ಹೇಳಿರಲಾರ. ನಾನು ಅಡ್ಡ ನಿಂತೆ.

“ಬ್ಯಾಡ ಕಣಪ್ಪ. ವಾಪಸ್ ಓಗು. ಅವ್ರೇ ಎಳೀಲಿ.”

“ನಿಮ್ಮ ನ್ಯಾಯ ತೀರಾಗಂಟ ಎಣ ಕಾಯ್ತದೇನ್ಲಾ? ಆಗ್ಲೇ ಉಬ್ಕಂಡದೆ.”

ನಾನೂ ಎಳೆಯೋಣವೆಂದು ಪಕ್ಕಕ್ಕೆ ಸರಿದೆ. ಹಗ್ಗಕ್ಕೆ ಕೈ ಚಾಚಿದೆ. ಅಪ್ಪ ಅದನ್ನು ತನ್ನ ಕಡೆಗೆ ಎಳೆದುಕೊಂಡ. “ಕೈ ತಗಿ. ಮಾತು ಕೊಟ್ಟಿರೋನು ನೀನು, ಮಡಿಕ್ಕೊ. ನಾನು ಕೊಟ್ಟಿಲ್ಲ.” ಆಮೇಲೆ ಕೇಳಿದ: “ಎಸ್ರೇನು ಇದ್ರುದು?”

ಹೇಳಿದೆ. ಗಂಟು ಬಿಗಿಯುವ ಮುಂಚೆ ಅವಳ ಕತ್ತಿನ ಹುಣ್ಣು ಕಂಡು ಹಗ್ಗವನ್ನು ಅದರ ಕೆಳಗೆ ಸರಿಸಿದ, ಇನ್ನೂ ನೋವಾಗುತ್ತದೆ ಎನ್ನುವ ಹಾಗೆ. “ನಡಿಯವ್ವ ಬಿಜ್ಲಿ,” ಎಂದು ಎಳೆದ. ಕೆರೆ ಹಿಂದೆ ಒಬ್ಬ ಚರ್ಮ ಸುಲಿಯಲು ಕತ್ತಿ ತೆಗೆದಾಗ ಅಪ್ಪ, “ಬುಡ್ಲಾ, ನಮ್ಮುಡುಗ ಸಾಕಿದ್ದು,” ಎಂದ. ಮೂವರೂ ಗುಂಡಿ ತೋಡಿ ಮಣ್ಣು ಮಾಡಿದರು. ನನ್ನನ್ನು ಒಂದು ಹಿಡಿ ಮಣ್ಣು ಹಾಕಲೂ ಬಿಡಲಿಲ್ಲ.

ಅಂದು ಸಂಜೆ ಬಾಗಿಲ ಮೇಲಿನ ಹಲಗೆಯನ್ನು ಇಳಿಸಿ ಈಶ್ವರಯ್ಯನವರ ಮೇಜಿನ ಮೇಲೆ ಇಟ್ಟುಬಂದೆ. ಈ ಶನಿವಾರಕ್ಕೆ ಕೆಲಸ ಬಿಟ್ಟು ಹೋಗು ಎಂದಿದ್ದಾರೆ. ಹೋಗುತ್ತೇನೆ. ಉಳಿದ ಕುದುರೆಗಳಿಗೆ ಹುರುಳಿ ಬೇಯಿಸುವ ಹದವನ್ನು ಗಂಗಯ್ಯನಿಗೆ ತೋರಿಸಿಕೊಡುತ್ತಿದ್ದೇನೆ.

ಧೈರ್ಯವಾಗಿ ಓದು ತಾಯಿ. ನಿನ್ನ ಕೈಗೆ ಯಾವತ್ತೂ ಆ ಹಗ್ಗ ಬಾರದಿರಲಿ, ನಿನ್ನ ಮಕ್ಕಳಿಗೆ ಅದರ ಕಥೆಯೂ ಬೇಡವಾಗಲಿ ಎಂದು ಹರಸುವ

ನಿನ್ನ ಅಣ್ಣ,
ಲಕ್ಕಯ್ಯ

ಮರೆತದ್ದಲ್ಲ, ಮೇಲೆ ಬರೆಯಲಾಗದ್ದು: ಮಣ್ಣು ಮಾಡಿ ಬಂದ ಅಪ್ಪನ ಕೈ ಹಿಡಿದುಕೊಳ್ಳಲು ಹೋದೆ. ಅಪ್ಪ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ಸರಿದ. “ಮುಟ್ಬ್ಯಾಡ ಕಣ್ಮಗ, ಎಣ ಎಳ್ದ ಕೈ. ನಿಮ್ಮ ಸಂಗದೋರು ಕಂಡ್ರೆ ನಿನ್ನ ಆಚೆಗಾಕ್ತಾರೆ.” ಈಶ್ವರಯ್ಯನಂಥವರ ಮುಂದೆ ಅಪ್ಪ ಎಷ್ಟು ದೂರ ನಿಲ್ಲುತ್ತಾನೆ ಎಂಬುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ, ಮಲ್ಲಿಗೆ. ಅಷ್ಟೇ ದೂರ ನನ್ನಿಂದಲೂ ನಿಂತಿದ್ದ.

ಅವ್ವ ಹೋದ ಮೇಲೆ ನಮ್ಮಿಬ್ಬರಿಗೂ ಮುದ್ದೆ ಕಟ್ಟಿ ಹಾಕಿದ ಕೈ ಅದು. ಸಂಘದವರಿಗೆ ನಾನೇ ಹೇಳಿಕೊಳ್ಳುತ್ತೇನೆ. ಅಪ್ಪನನ್ನು ಎಲ್ಲಿಗೂ ಹೋಗಗೊಡಬೇಡ, ಮುದ್ದೆಯನ್ನು ಅವನ ಕೈಯಲ್ಲೇ ಕಟ್ಟಿಸು. ಉಣ್ಣಲು ಮನೆಗೆ ಬರುತ್ತೇನೆ, ಇಪ್ಪತ್ತೆರಡನೇ ತಾರೀಕು, ಭಾನುವಾರ, ಮಧ್ಯಾಹ್ನ ಹನ್ನೆರಡು ಗಂಟೆಗೆ.