ಅಂಬಮ್ಮನ ಕೈ ಮೇಲಿರುವಾಗ

ಇಸವಿ ೨೩೧೮, ಮೇ ತಿಂಗಳ ಮೂವತ್ತಾರನೇ ದಿನ
ಹಳೆಯ ಚಿನ್ನದ ಸುರಂಗ, ಮೂರನೇ ಅಂತಸ್ತು, ರಾಯಚೂರು ಸೀಮೆ

ಬಯಲಲ್ಲಿ ನಿಂತು ಹಾಡು ಕೇಳಿದ ನಮ್ಮ ಹಿರಿಯರಿಗೆ ಹುಲಿಗೆಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಮೊದಲ ಮಳೆ ಬೀಳುವವರೆಗೆ ನಾವು ಮೇ ತಿಂಗಳನ್ನು ಮುಗಿಸುವುದಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ಹೀಗೆಯೇ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಕಷ್ಟ ಬಂದಾಗ ಹಿಂದಿನವರಿಗೆ ಹಿಂಬರಹ ಬರೆಯುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಬರೆದ ಹಾಳೆಯನ್ನು ಎಲ್ಲಕ್ಕಿಂತ ಕೆಳಗಿನ ಬಾವಿಗೆ ಬಿಡುತ್ತೇವೆ. ಆಳಕ್ಕೆ ಹೋದಷ್ಟೂ ಕಲ್ಲು ಹಳೆಯದಾಗುತ್ತದೆ, ಆದ್ದರಿಂದ ಕಾಗದವೂ ಹಳೆಯ ಕಾಲಕ್ಕೆ ಹೋಗಿ ಮುಟ್ಟುತ್ತದೆ ಎಂಬುದು ಲೆಕ್ಕ. ಈ ಲೆಕ್ಕದಲ್ಲಿ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನಾನು ಕೇಳಬೇಕಾದ ಮಾತಿಗೆ ಉತ್ತರ ಗೊತ್ತಿರುವವರು ಇಲ್ಲಿ ಒಬ್ಬರೂ ಇಲ್ಲ.

ಬೇಸಿಗೆಯಲ್ಲಿ ಮೇಲೆ ಬದುಕಲು ಆಗುವುದಿಲ್ಲ. ಹೋಳಿ ಮುಗಿದ ಮೇಲೆ ಹಾಸಿಗೆ, ಕಾಳು, ಕೂಸುಗಳನ್ನು ಹೊತ್ತುಕೊಂಡು ನೀವು ಚಿನ್ನ ತೆಗೆದು ಬಿಟ್ಟುಹೋದ ಸುರಂಗಗಳಿಗೆ ಇಳಿಯುತ್ತೇವೆ. ಇದಕ್ಕೆ ಇಳಿಗಾಲ ಎನ್ನುತ್ತೇವೆ. ಕೆಳಗೆ ಬೆಂಕಿ ಹೊತ್ತಿಸುವಂತಿಲ್ಲ, ಹಾಗಾಗಿ ರೊಟ್ಟಿಯ ಆಸೆ ಬಿಟ್ಟು, ಮೇಲಿನ ಬಿಸಿಲಿಗೆ ಕಾದು ಕೊಳವೆಯಲ್ಲಿ ಇಳಿದುಬರುವ ಹಬೆಯಲ್ಲಿ ಬೇಯಿಸಿದ ಜೋಳದ ಕಡುಬು ತಿನ್ನುತ್ತೇವೆ. ಕಡುಬಿಗೆ ಅಣಬೆಯ ಪಲ್ಯ, ಅಣಬೆಗೆ ಮತ್ತೆ ಕಡುಬು. ಮೂರನೇ ಅಂತಸ್ತಿನ ಹಬೆಮನೆಯನ್ನು ನೋಡಿಕೊಳ್ಳುವವಳು ನಾನೇ, ಜನರ ಬೈಗುಳ ತಿನ್ನುವವಳೂ ನಾನೇ. ದೀಪಗಳು ಮಂದ, ಗೋಡೆಗಳು ಸದಾ ಒದ್ದೆ, ಒಗೆದ ಬಟ್ಟೆ ಒಣಗುವಷ್ಟರಲ್ಲಿ ಮತ್ತೆ ಒಗೆಯುವ ಹಾಗಾಗಿರುತ್ತದೆ. ಇದೆಲ್ಲ ರೂಢಿಯಾಗಿದೆ. ರೂಢಿಯಾಗದೆ ಉಳಿದಿರುವುದು ತಲೆಯ ಮೇಲಿನ ಕಲ್ಲಿನ ಭಯ ಒಂದೇ.

ಅದಕ್ಕಾಗಿ ನಮ್ಮಲ್ಲಿ ತಟ್ಟುಗಾರರಿದ್ದಾರೆ. ಉದ್ದನೆಯ ಕಬ್ಬಿಣದ ಸಲಾಕೆ ಹಿಡಿದು ಸುರಂಗದ ಸೂರನ್ನು ತಟ್ಟುತ್ತ ಪಾಳಿಯ ಮೇಲೆ ತಿರುಗುತ್ತಾರೆ. ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಸಡಿಲವಾದದ್ದು ಪೊಳ್ಳಾಗಿ ಬೊದ್ ಎನ್ನುತ್ತದೆ. ಬೊದ್ ಎಂದರೆ ತಟ್ಟುವುದನ್ನು ನಿಲ್ಲಿಸುತ್ತಾರೆ, ಮತ್ತೇನೂ ಮಾಡುವುದಿಲ್ಲ. ಗಂಟೆ ಬಾರಿಸಬಾರದೇ ಎಂದು ನೀವು ಕೇಳಬಹುದು. ಬಾರಿಸಬೇಕಾದವರೇ ಕಲ್ಲಿನಡಿ ಸಿಕ್ಕಿಕೊಂಡರೆ ಬಾರಿಸುವವರು ಯಾರು? ಆದ್ದರಿಂದ ಸದ್ದು ಇರುವವರೆಗೆ ಕ್ಷೇಮ, ಸದ್ದು ನಿಂತರೆ ಓಡು. ಮಾತು ಬರುವ ಮೊದಲೇ ನಮ್ಮ ಮಕ್ಕಳಿಗೆ ಇದು ಬಂದಿರುತ್ತದೆ. ನಾವು ತಟ್ಟಿನ ಸದ್ದಿನಲ್ಲಿ ಮಲಗಿ, ಅದು ನಿಂತರೆ ಎಚ್ಚರಾಗುವ ಜನ. ನಾನು ಏಳು ವರ್ಷದವಳಿದ್ದಾಗ ಹಾಗೆ ಎಚ್ಚರಾದ ಅಮ್ಮ ನನ್ನ ಜಡೆ ಹಿಡಿದು ಎಳೆದುಕೊಂಡು ಓಡಿದ್ದಳು. ನಾವು ಮಲಗಿದ್ದ ಜಾಗ ಈಗಲೂ ಕಲ್ಲು ತುಂಬಿಕೊಂಡು ಹಾಗೇ ಇದೆ.

ಹಾಡು ಕೇಳಲು ನಮಗೆ ಕಿವಿಹೊಳೆ ಇದೆ. ಕಡಲೆ ಕಾಳಿನಷ್ಟಿರುವ ಈ ಯಂತ್ರವನ್ನು ಒಂದು ಕಿವಿಗೆ ಇಟ್ಟುಕೊಂಡರೆ ನಮ್ಮ ನಮ್ಮ ಮನಸ್ಸಿಗೆ ಒಪ್ಪುವ ಸಂಗೀತವನ್ನು ತಾನೇ ಕಟ್ಟಿ ಹರಿಸುತ್ತದೆ. ಅದು ನಿಲ್ಲುವುದೇ ಇಲ್ಲ, ನಿಂತರೆ ನಾವು ಓಡುತ್ತೇವಲ್ಲ. ಇನ್ನೊಂದು ಕಿವಿ ಮಾತ್ರ ಯಾವಾಗಲೂ ತಟ್ಟಿನ ಕಡೆಗಿರಬೇಕು. ಪ್ರತಿ ಇಳಿಗಾಲದ ಕೊನೆಗೆ ಎಲ್ಲ ಅಂತಸ್ತಿನವರೂ ದೊಡ್ಡಂಗಳವೆಂಬ ಅಗಲವಾದ ಗವಿಯಲ್ಲಿ ಸೇರಿ ಬೇಸಿಗೆ ಮೇಳ ಮಾಡುತ್ತೇವೆ. ಮೇಳವೆಂದರೆ ಸಾವಿರಾರು ಜನ ಒಟ್ಟಿಗೆ ಕೂತು, ತಮ್ಮ ತಮ್ಮ ಹೊಳೆ ಕೇಳುತ್ತ, ಒಬ್ಬರನ್ನೊಬ್ಬರು ನೋಡಿ ನಗುವುದು. ಪಕ್ಕದವರು ಯಾಕೆ ಅಳುತ್ತಿದ್ದಾರೆಂದು ನಮಗೆ ತಿಳಿಯದು. ನೀವು ನಗುತ್ತೀರೇನೋ, ನಗಿ. ಈ ವರ್ಷದವರೆಗೆ ನಾನೂ ಅದನ್ನೇ ಸಂಗೀತ ಮೇಳವೆಂದು ನಂಬಿದ್ದೆ.

ಈ ಸಲ ಹರೆಯದವರು ಪಂಚಾಯಿತಿಯ ಹತ್ತಿರ ಹಟ ಹಿಡಿದು ಕೈಮೇಳಗಳಿಗೆ ಒಪ್ಪಿಗೆ ಪಡೆದರು. ನೀವು ಬ್ಯಾಂಡ್ ಎನ್ನುತ್ತಿದ್ದದ್ದು ಇದೇ ಇರಬೇಕು. ಹಾಡುವವರು, ಬಾರಿಸುವವರು ಕಣ್ಣ ಮುಂದೆಯೇ ಕೂತಿರುತ್ತಾರೆ. ನನಗೆ ಅದರಲ್ಲಿ ಆಸಕ್ತಿ ಇರಲಿಲ್ಲ, ಅವರಿಗೆ ಕಡುಬಿನ ಬುಟ್ಟಿ ಮುಟ್ಟಿಸಲು ಹೋದವಳು ನಾನು. ಐದನೇ ಅಂತಸ್ತಿನ ಹೆಂಗಸರು ನೀರಿನ ಕೊಡ ಮುಂದಿಟ್ಟುಕೊಂಡು ಬಾರಿಸುತ್ತಿದ್ದರು. ನಡುವೆ ಒಬ್ಬಳು ತಪ್ಪಿದಳು, ಪಕ್ಕದವಳು ಅವಳನ್ನು ನೋಡಿ ನಕ್ಕಳು, ನಗುತ್ತಲೇ ಇಬ್ಬರೂ ಮತ್ತೆ ಸೇರಿಕೊಂಡರು. ಬುಟ್ಟಿ ಕೆಳಗಿಡುವುದು ನನಗೆ ಮರೆತೇಹೋಯಿತು. ಅದರಾಚೆ ಖಾಜಾ ಹುಸೇನಿ ಎಂಬ ಯುವಕ ಗಾಳಿಕೊಳವೆಯಿಂದ ಮಾಡಿದ ಪೀಪಿ ಊದುತ್ತಿದ್ದ. ಅವನ ಕುತ್ತಿಗೆಯ ನರ ಉಬ್ಬಿತ್ತು, ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಕಿವಿಹೊಳೆಯಲ್ಲಿ ಯಾರೂ ಬೆವರುವುದಿಲ್ಲ. ನಾನು ಹೊಳೆಯನ್ನು ಕಿವಿಯಿಂದ ತೆಗೆದು ಸೆರಗಿಗೆ ಕಟ್ಟಿಕೊಂಡೆ. ಸುತ್ತ ನೋಡಿದರೆ ಬಹಳ ಜನ ಅದನ್ನೇ ಮಾಡಿದ್ದರು. ನೂರು ಜನ ಒಂದೇ ಹಾಡಿಗೆ ತಲೆ ಆಡಿಸುವುದನ್ನು ಐವತ್ತೆಂಟನೇ ವಯಸ್ಸಿನಲ್ಲಿ ಮೊದಲ ಸಲ ಕಂಡೆ. ನನಗೆ ಅಳು ಬಂತು. ಪಕ್ಕದವಳು ಯಾಕೆಂದು ಕೇಳಲಿಲ್ಲ, ಅವಳಿಗೆ ಗೊತ್ತಿತ್ತು.

ಕೊನೆಗೆ ಖಾಜಾನ ಜೊತೆ ಬಾರಿಸಲು ಬಂದವಳು ನನ್ನ ಮಗಳು ಅಂಬಮ್ಮ. ಅವಳು ತಟ್ಟುಗಾರ್ತಿ, ಪಾಳಿ ಮುಗಿದ ಮೇಲೆ ಮೂಲೆಯಲ್ಲಿ ಕೂತು ಏನೋ ಕುಟ್ಟುತ್ತಿರುವುದು ಗೊತ್ತಿತ್ತು. ಅವಳ ಮುಂದೆ ಹಳೆಯ ಪೀಪಾಯಿಗೆ ಮೇಕೆಯ ಚರ್ಮ ಬಿಗಿದು ಮಾಡಿದ ಡ್ರಮ್ಮು ಇತ್ತು. ಅವಳು ಬಾರಿಸತೊಡಗಿದಾಗ ನನ್ನ ಎದೆಯ ಗೂಡೇ ಗುಡುಗಿತು. ದೂರದ ಮೂಲೆಗಳಲ್ಲಿ ತಟ್ಟುಗಾರರು ತಮ್ಮ ಕೆಲಸ ಮಾಡುತ್ತಲೇ ಇದ್ದರು, ಆದರೆ ಡ್ರಮ್ಮು ತುಂಬಿದ ಕಿವಿಗಳಿಗೆ ಆ ಸಣ್ಣ ಸದ್ದು ಎಲ್ಲಿ ಕೇಳಬೇಕು. ಬಡಿತ ಏರಿತು, ಜನ ಎದ್ದು ಕುಣಿದರು, ದಣಿದು ಕೂತರು. ಇನ್ನೇನು ಕೊನೆ ಎನ್ನುವಾಗ ಅಂಬಮ್ಮ ಎರಡೂ ಕೈ ಮೇಲೆತ್ತಿ ನಿಲ್ಲಿಸಿಬಿಟ್ಟಳು. ಖಾಜಾನೂ ನಿಲ್ಲಿಸಿದ.

ಅದು ಹಾಡಿನೊಳಗಿನ ಬಿಡುವಾಗಿತ್ತು. ಒಂದು ಉಸಿರಿನಷ್ಟು ತಡೆದು ಕೊನೆಯ ಪೆಟ್ಟು ಹಾಕಬೇಕೆಂದು ಅವಳು ಕಟ್ಟಿಕೊಂಡಿದ್ದಳು. ಆ ಪೆಟ್ಟನ್ನು ಯಾರೂ ಕೇಳಲಿಲ್ಲ. ದೊಡ್ಡಂಗಳ ಪೂರ್ತಿ ಎದ್ದು ಓಡಿತು. ನಾನೂ ಓಡಿದೆ, ಮಗಳನ್ನು ಹಿಂದೆ ಬಿಟ್ಟು ಓಡಿದೆ. ಕಲ್ಲು ಬೀಳಲಿಲ್ಲ. ಬಿದ್ದವರು ಜನ, ಅವರ ಮೇಲೆ ಜನ. ಪ್ರಾಣ ಹೋಗಲಿಲ್ಲವೆಂಬುದೊಂದೇ ಸಮಾಧಾನ. ನಮ್ಮ ಪಕ್ಕದ ಗೂಡಿನ ಮುದುಕ ಆದೆಪ್ಪನ ಸೊಂಟದ ಮೂಳೆ ಮುರಿದಿದೆ, ಇನ್ನು ಅವನು ನಡೆಯುವುದಿಲ್ಲ. ನೀರು ತರಲು ಹೋದರೆ ಜನ ಅಂಬಮ್ಮನಿಗೆ ದಾರಿ ಬಿಡುತ್ತಾರೆ, ಮಾತಾಡಿಸುವುದಿಲ್ಲ.

ಪಂಚಾಯಿತಿಯ ಹಿರಿಯಳು ಚನ್ನಬಸಮ್ಮ ಕೆಟ್ಟವಳಲ್ಲ. ಬಾರಿಸು, ಆದರೆ ನಡುವೆ ನಿಲ್ಲಿಸಬೇಡ ಎಂದಳು. ನಾನೂ ಮಗಳಿಗೆ ಅದನ್ನೇ ಹೇಳಿದೆ. ಅವಳು ಒಪ್ಪಲಿಲ್ಲ. "ನಿಲ್ಲಸದಿದ್ರ ಅದು ತಟ್ಟೋದಾಗ್ತದ ಯವ್ವಾ, ಬಾರ್ಸೋದಾಗಂಗಿಲ್ಲ. ಹಗಲೆಲ್ಲ ತಟ್ಟೇ ತಟ್ತೀನಲ್ಲ" ಎಂದಳು. ಕೊನೆಗೆ ಚನ್ನಬಸಮ್ಮ ಒಂದು ಮಾತಿಗೆ ಬಂದಳು. ನಾಳೆ ದೊಡ್ಡಂಗಳದಲ್ಲಿ, ಮನಸ್ಸಿದ್ದವರ ಮುಂದೆ, ಅದೇ ಹಾಡು, ಅದೇ ಬಿಡುವು. "ಒಬ್ರು ಎದ್ರೂ ಸಾಕು, ಡ್ರಮ್ಮಿನ ಚರ್ಮ ಬಿಚ್ಚಸ್ತೀನಿ" ಎಂದಿದ್ದಾಳೆ. ಬರುತ್ತೇವೆಂದವರು ಬೆರಳೆಣಿಕೆಯಷ್ಟು ಮಂದಿ. ಆದೆಪ್ಪನೂ ಹೇಳಿ ಕಳಿಸಿದ್ದಾನೆ: "ನನ್ನ ಎತ್ಕೊಂಡು ಹೋಗಿ ಮುಂದಿನ ಸಾಲಿನ್ಯಾಗ ಕುಂದ್ರಸ್ರಿ. ನಾನಂತೂ ಏಳಂಗಿಲ್ಲ." ನಗಬೇಕೋ ಅಳಬೇಕೋ ತಿಳಿಯದೆ ನಾನು ಅವನಿಗೊಂದು ಕಡುಬು ಹೆಚ್ಚಿಗೆ ಹಾಕಿ ಬಂದೆ.

ಅವನ ಪಕ್ಕದಲ್ಲಿ ಕೂರುವವಳು ನಾನು. ಈ ವಾರವೆಲ್ಲ ಮಗಳ ಮುಂದೆ ಕೂತು ಅಭ್ಯಾಸ ಮಾಡಿದ್ದೇನೆ. ಅವಳು ನಿಲ್ಲಿಸುತ್ತಾಳೆಂದು ಗೊತ್ತು, ಎಲ್ಲಿ ನಿಲ್ಲಿಸುತ್ತಾಳೆಂದೂ ಗೊತ್ತು. ಆದರೂ ಪ್ರತಿ ಸಲ ಎದ್ದಿದ್ದೇನೆ. ನಾನು ಏಳುವುದಲ್ಲ, ಕಾಲುಗಳೇ ಏಳುತ್ತವೆ. ಅಂಬಮ್ಮ ಬೈಯುವುದಿಲ್ಲ. "ಕಣ್ಣು ಮುಚ್ಗೊಂಡು ಕೇಳ್ತೀ ಯವ್ವಾ ನೀನು. ನನ್ನ ಕೈ ನೋಡು. ಕೈ ಮ್ಯಾಲಿದ್ರ ನಾ ಇನ್ನೂ ಇದೀನಿ ಅಂತ" ಎನ್ನುತ್ತಾಳೆ. ನಿಜ, ನಮಗೆ ಕೇಳುವುದೊಂದೇ ಗೊತ್ತು, ನೋಡಲು ಯಾರೂ ಕಲಿಸಿಲ್ಲ. ಆದರೆ ನನಗೆ ಬೇರೊಂದು ಚಿಂತೆಯೂ ಇದೆ, ಅದನ್ನು ಮಗಳಿಗೆ ಹೇಳಿಲ್ಲ. ನಾಳೆ ನಾವು ಕೂತೇ ಇದ್ದೆವೆನ್ನಿ. ಅದನ್ನು ನೋಡಿದ ಕೂಸುಗಳು ಮೌನದಲ್ಲಿ ಕೂರಲು ಕಲಿತರೆ, ನಿಜವಾಗಿ ತಟ್ಟು ನಿಂತ ದಿನ ಅವು ಎದ್ದು ಓಡುತ್ತವೆಯೇ? ಓಡಿದ್ದರಿಂದಲೇ ಅಲ್ಲವೇ ನಾನು ಬದುಕಿ ಇದನ್ನು ಬರೆಯುತ್ತಿರುವುದು? ಮಗಳ ಮುಖ ನೋಡಿದರೆ ಕೂರಬೇಕೆನಿಸುತ್ತದೆ, ಮೊಮ್ಮಕ್ಕಳ ಮುಖ ನೋಡಿದರೆ ಓಡಬೇಕೆನಿಸುತ್ತದೆ.

ನಿಮ್ಮನ್ನು ಕೇಳಬೇಕಾದದ್ದು ಇಷ್ಟೇ. ನೀವು ಬೇಸಿಗೆಯ ಸಂಜೆ ಬಯಲಲ್ಲಿ ಸೇರಿ, ತಲೆಯ ಮೇಲೆ ಆಕಾಶವಲ್ಲದೆ ಬೇರೇನೂ ಇಲ್ಲದೆ, ಕಂಡು ಕೇಳರಿಯದ ಬ್ಯಾಂಡುಗಳ ಮುಂದೆ ನಿಲ್ಲುತ್ತಿದ್ದಿರಂತೆ. ಅವರು ಪಟ್ಟನೆ ನಿಲ್ಲಿಸಿದಾಗ ನೀವು ಹೇಗೆ ನಿಂತಿರುತ್ತಿದ್ದಿರಿ? ಮತ್ತೆ ಶುರುವಾಗುತ್ತದೆಂದು ನಿಮಗೆ ಯಾರು ಹೇಳಿದ್ದರು? ನಿಮಗೆ ಅದು ದೊಡ್ಡ ವಿಷಯವೇ ಅಲ್ಲದಿರಬಹುದು. ಆದರೂ ಆ ಒಂದು ಉಸಿರಿನ ಹೊತ್ತಿನಲ್ಲಿ ಮಾತಾಡಿಬಿಡಬೇಡಿ, ಕಣ್ಣು ಬೇರೆ ಕಡೆ ತಿರುಗಿಸಬೇಡಿ, ಬಾರಿಸುವವರ ಕೈ ನೋಡಿ. ಅದು ನಮ್ಮ ಕೈಗೆ ಸಿಗದ ಭಾಗ್ಯ.

ನಿಮ್ಮ ಉತ್ತರ ನನಗೆ ಬರುವುದಿಲ್ಲವೆಂದು ಗೊತ್ತು. ಬಾವಿಗೆ ಬಿಟ್ಟ ಕಾಗದ ಮೇಲೆ ಬಂದದ್ದು ಇದುವರೆಗೆ ಇಲ್ಲ. ಆದರೆ ನಿಜವಾಗಿ ಇದು ನಿಮಗೆ ಮುಟ್ಟಿದರೆ ಒಂದು ಉಪಕಾರ ಮಾಡಿ. ನಾಳೆ ಅಂಬಮ್ಮ ಎರಡೂ ಕೈ ಮೇಲೆತ್ತಿದಾಗ ನಿಮ್ಮಲ್ಲಿ ಯಾರಾದರೂ ಬಂದು ನನ್ನ ಹೆಗಲ ಮೇಲೆ ಕೈ ಇಡಿ. ಸ್ವಲ್ಪ ಭಾರ ಹಾಕಿಯೇ ಇಡಿ.

ಇಂತಿ,
ಹುಲಿಗೆಮ್ಮ